ದಿಂಬಿನ ಕೆಳಗಿನ ಗಂಟು

ರೆಸಾರ್ಟಿಗೆ ಹೋಗುವ ಹಿಂದಿನ ವಾರವೆಲ್ಲ ನನಗೆ ಆನೆಯ ಭಯ ಇರಲಿಲ್ಲ, ಹುಲಿಯ ಭಯವೂ ಇರಲಿಲ್ಲ. ಟಿಪ್ಸಿನ ಭಯ ಇತ್ತು. ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು, ಬಂದ ಕೂಡಲೇ ಕೊಡಬೇಕೋ ಹೊರಡುವಾಗ ಕೊಡಬೇಕೋ, ಕೊಡುವಾಗ ಬಾಯಲ್ಲಿ ಏನು ಅನ್ನಬೇಕು. ಕಡಿಮೆಯಾದರೆ ಹಿಂದಿನಿಂದ ಆಡಿಕೊಳ್ಳುತ್ತಾರೆ, ಹೆಚ್ಚಾದರೆ ಎದುರಿಗೇ ನಗುತ್ತಾರೆ. ಮಿರ್ಲೆಯ ಹತ್ತಿರದ ನಮ್ಮೂರಲ್ಲಿ ಅರವತ್ತು ವರ್ಷ ಕಳೆದವಳಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತದೆ? ನಮ್ಮಲ್ಲಿ ಊಟ ಬಡಿಸಿದವರ ಕೈಗೆ ದುಡ್ಡು ತುರುಕಿದರೆ ಮತ್ತೆ ಆ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ. ಕೊಡಲೇಬೇಕೆಂದರೆ ಎಲೆ ಅಡಿಕೆಯ ಮೇಲಿಟ್ಟು ಕೊಡಬೇಕು. ಬರಿಯ ನೋಟು ಚಾಚುವುದೆಂದರೆ ನನಗೆ ಈಗಲೂ ಕೈ ಮುಂದೆ ಬರುವುದಿಲ್ಲ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಗನವಾಡಿ ಟೀಚರಾಗಿದ್ದವಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಎಲ್ಲರ ಮೇಲೂ ಸಿಡುಕುತ್ತಿದ್ದೇನೆಂಬ ದೂರು ಮೈಸೂರಿನವರೆಗೂ ಹೋಯಿತು. ಅಲ್ಲಿ ನನ್ನ ಯಜಮಾನರ ತಂಗಿಯ ಮಗಳಿದ್ದಾಳೆ. ಅವಳೇ ಅಂತರಸಂತೆಯ ಆಚೆ, ಹಿನ್ನೀರಿನ ದಂಡೆಯ ಮೇಲಿನ ಒಂದು ರೆಸಾರ್ಟಿನಲ್ಲಿ ಎರಡು ದಿನಕ್ಕೆ ರೂಮು ಹಿಡಿದು, ಕೆ.ಆರ್. ನಗರದಿಂದ ಕಾರನ್ನೂ ಗೊತ್ತುಮಾಡಿ, ಆಮೇಲೆ ನಮಗೆ ತಿಳಿಸಿದಳು. ಫೋನಿನಲ್ಲೇ ಪಾಠವೂ ಆಯಿತು.

"ಅತ್ತೆ, ರೂಮ್ ಕ್ಲೀನ್ ಮಾಡೋರಿಗೆ ಕೈಲಿ ಕೊಡೋಕೆ ಹೋಗ್ಬೇಡಿ, ಅವರಿಗೂ ಮುಜುಗರ, ನಿಮಗೂ ಮುಜುಗರ. ಹೊರಡುವಾಗ ದಿಂಬಿನ ಕೆಳಗೆ ಇಟ್ಟು ಬಂದ್ರೆ ಆಯ್ತು."

ಕಾರಿನ ಡ್ರೈವರ್ ಐವತ್ತು ದಾಟಿದ ಗಟ್ಟಿ ಆಸಾಮಿ. ಹುಣಸೂರಿನಲ್ಲಿ ತಿಂಡಿಗೆ ನಿಲ್ಲಿಸಿದಾಗ ಅವನು ಬೇರೆ ಟೇಬಲ್ಲಿಗೆ ಹೋಗಿ ಕೂತುಬಿಟ್ಟ. ಅವನ ದೋಸೆಯ ದುಡ್ಡು ನಾವು ಕೊಡಬೇಕೋ, ಕೊಟ್ಟರೆ ದಿನದ ಬಾಟಾ ಬೇರೆ ಕೊಡಬೇಕೋ, ಕೊಡದಿದ್ದರೆ ಕಾಡಿನ ದಾರಿಯಲ್ಲಿ ನಮ್ಮನ್ನು ಇಳಿಸಿ ಹೋಗುತ್ತಾನೋ ಎಂದು ನನಗೆ ದೋಸೆ ಗಂಟಲಲ್ಲಿ ಇಳಿಯಲಿಲ್ಲ. ನನ್ನ ಯಜಮಾನರಿಗೆ ಇಂಥ ಯೋಚನೆಯೇ ಇಲ್ಲ. ಎದ್ದು ಹೋಗಿ ಅವನ ಎದುರಿಗೆ ಕೂತು, ನಮ್ಮ ಕಾಫಿಯನ್ನೂ ಅಲ್ಲಿಗೇ ತರಿಸಿದರು. ನಾನು ಧೈರ್ಯ ಮಾಡಿ ಟಿಪ್ಸಿನ ವಿಚಾರ ಅವನನ್ನೇ ಕೇಳಿಬಿಟ್ಟೆ.

"ಎಷ್ಟು ಕೊಡ್ತೀರಾ ಅನ್ನೋದು ಆಮ್ಯಾಕೆ ಕಣ್ ಟೀಚರಮ್ಮ," ಎಂದ. "ಕೊಡೋವಾಗ ಮಕ ನೋಡ್ಬೇಕು. ಫೋನ್ ನೋಡ್ಕಂಡು ಐನೂರು ಬಿಸಾಕಿ ಓಗ್ತರೆ ಕೆಲವ್ರು. ಇನ್ ಕೆಲವ್ರು ಐವತ್ತು ಕೊಟ್ಟು, ಉಸಾರಾಗ್ ಓಗಪ್ಪ ಅಂತರೆ. ನಂಗೆ ಆ ಐವತ್ತೇ ನೆಪ್ಪಲ್ಲಿರದು."

ಒಬ್ಬಳು ದಿಂಬಿನ ಕೆಳಗೆ ಎನ್ನುತ್ತಾಳೆ, ಇನ್ನೊಬ್ಬ ಮುಖ ನೋಡಿ ಎನ್ನುತ್ತಾನೆ. ಹುಣಸೂರು ದಾಟಿ ಎಚ್.ಡಿ. ಕೋಟೆ ಸೇರುವವರೆಗೂ ಇದೇ ತಲೆಯಲ್ಲಿ ಸುತ್ತುತ್ತಿತ್ತು. ಯಜಮಾನರು ಬಾಯಿ ಬಿಟ್ಟುಕೊಂಡು ನಿದ್ದೆ ಮಾಡುತ್ತಿದ್ದರು.

ರೆಸಾರ್ಟಿನಲ್ಲಿ ನಮ್ಮ ರೂಮಿನ ಕೆಲಸಕ್ಕೆ ಬಂದವಳಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬೇಕು. ಆ ಸುತ್ತಿನ ಹಳ್ಳಿಯವಳೇ. ದೊಗಲೆ ಅಂಗಿ, ಪ್ಯಾಂಟು, ತಲೆಗೆ ಬಲೆ ಹಾಕಿ ಕಟ್ಟಿದ ತುರುಬು. ಅಂಗಿ ಎಷ್ಟೇ ದೊಗಲೆಯಾಗಿದ್ದರೂ ನನ್ನ ಕಣ್ಣಿಗೆ ಮುಚ್ಚಿಡಲಾಗುತ್ತದೆಯೇ? ಬಗ್ಗಿ ಹಾಸಿಗೆಯ ಅಂಚು ಎಳೆಯುವಾಗ ಒಂದು ಕೈ ಸೊಂಟಕ್ಕೆ ಹೋದದ್ದು ನೋಡಿಯೇ ಗೊತ್ತಾಯಿತು.

"ಐದು ತಿಂಗಳಾ?" ಎಂದೆ.

ಅವಳು ಗಾಬರಿಯಿಂದ ನೋಡಿ ನಕ್ಕಳು. "ಊಂ ಕಣಮ್ಮ. ಅದೆಂಗ್ ಗೊತ್ತಾಯ್ತು ನಿಮ್ಗೆ?"

ನಾನು ಅಂಗನವಾಡಿಯ ವಿಚಾರ ಹೇಳಿದೆ. ಅವಳು ದಿಂಬಿಗೆ ಹೊಸ ಕವರು ಹಾಕುತ್ತ, ತನ್ನ ಪಾಡಿಗೆ ತಾನು ಹೇಳಿಕೊಳ್ಳುವಂತೆ ಹೇಳಿದಳು: "ಇದ್ರ ಮುಂಚೆ ಎಲ್ಡು ನಿಲ್ನಿಲ್ಲ ಕಣಮ್ಮ. ಮೂರ್ ತಿಂಗ್ಳಿಗೊಂದು ಓಯ್ತು, ನಾಕ್ ತಿಂಗ್ಳಿಗೊಂದು. ಇದು ಐದಕ್ಕ್ ಬಂದದೆ. ಯಾರ್ ಕಣ್ಣೂ ಬೀಳ್ದೆ ಇದ್ರೆ ಸಾಕು." ಆಮೇಲೆ ಅವಳು ಯಾವ ಹೆಂಗಸಾದರೂ ಕೇಳುವುದನ್ನೇ ಕೇಳಿದಳು. "ನಿಮ್ಗೆಷ್ಟು ಮಕ್ಳಮ್ಮ?"

"ಇಬ್ಬರು," ಎಂದೆ. "ಮೈಸೂರಲ್ಲವ್ರೆ."

ನಮಗೆ ಮಕ್ಕಳಿಲ್ಲ. ಆ ಸುಳ್ಳು ಎಲ್ಲಿಂದ ಅಷ್ಟು ಸಲೀಸಾಗಿ ಬಂತೋ ತಿಳಿಯದು. ಬಂದದ್ದು ಭಯದಿಂದ ಅನ್ನುವುದು ಮಾತ್ರ ಗೊತ್ತು. ಎರಡು ಕಳೆದುಕೊಂಡವಳ ಎದುರು, ಕಣ್ಣು ಬೀಳದಿದ್ದರೆ ಸಾಕು ಎಂದವಳ ಎದುರು, ನಾನು ಬಂಜೆ ಎಂದು ಹೇಗೆ ಹೇಳಲಿ? ಊರಿನಲ್ಲಿ ಯಾರೂ ನನ್ನನ್ನು ಎದುರಿಗೆ ಏನೂ ಅಂದವರಲ್ಲ. ಟೀಚರಮ್ಮ ಎಂದರೆ ಮರ್ಯಾದೆಯೇ. ಆದರೆ ಸೀಮಂತದ ದಿನ ಬಸುರಿಯನ್ನು ಕೂರಿಸಿದ ಕೂಡಲೇ, "ಟೀಚರಮ್ಮ, ಒಸಿ ಅಡಿಗೆ ಮನೆ ಕಡೆ ನೋಡ್ಕಳಿ" ಎಂದು ಯಾರಾದರೂ ಒಬ್ಬರು ಹೇಳುತ್ತಿದ್ದರು. ಅಂಗನವಾಡಿಯಲ್ಲಿ ಸರ್ಕಾರದ ಸಾಮೂಹಿಕ ಸೀಮಂತ ನಡೆದರೆ ಬಳೆ ತರುವವಳು ನಾನು, ಹೂ ಕಟ್ಟಿಸುವವಳು ನಾನು, ಬ್ಯಾನರು ಕಟ್ಟುವವಳೂ ನಾನು. ಮಡಿಲು ತುಂಬುವ ಹೊತ್ತಿಗೆ ಪಂಚಾಯಿತಿ ಮೆಂಬರರ ಹೆಂಡತಿಯನ್ನು ಕರೆದು, ಪಕ್ಕಕ್ಕೆ ಸರಿದು ಫೋಟೋ ತೆಗೆಯುತ್ತಿದ್ದೆ. ಅದೇ ಬಸುರಿಯರು ಮಾರನೆಯ ದಿನ ನನ್ನ ಕೈಯಿಂದಲೇ ಮೊಟ್ಟೆ, ಹಾಲು ಈಸಿಕೊಳ್ಳುತ್ತಿದ್ದರು. ಸರ್ಕಾರದ ಮೊಟ್ಟೆಗೆ ದೋಷವಿರಲಿಲ್ಲ, ನನ್ನ ಕೈಯ ಕುಂಕುಮಕ್ಕೆ ಇತ್ತು. ಈ ಮಾತನ್ನು ನಾನು ಇಷ್ಟು ವರ್ಷದಲ್ಲಿ ಯಾರ ಹತ್ತಿರವೂ ಆಡಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಬ್ಯಾಗು ಕಟ್ಟುವಾಗ ತಳದಲ್ಲಿ ಮಡಿಲಕ್ಕಿಯ ಸಾಮಾನು ಸಿಕ್ಕಿತು. ದಾರಿಯಲ್ಲಿ ಯಾವುದಾದರೂ ಅಮ್ಮನ ಗುಡಿ ಸಿಕ್ಕರೆ ಒಪ್ಪಿಸೋಣವೆಂದು ತಂದದ್ದು. ಸಫಾರಿಗೆ ಹೊತ್ತಾಯಿತೆಂದು ಯಜಮಾನರು ಎಲ್ಲಿಯೂ ನಿಲ್ಲಿಸಲು ಬಿಟ್ಟಿರಲಿಲ್ಲ. ಕೆಂಪು ರವಿಕೆ ಕಣ, ನಮ್ಮ ಗದ್ದೆಯ ಅಕ್ಕಿ, ಅರಿಶಿನದ ಕೊಂಬು, ಕುಂಕುಮದ ಪೊಟ್ಟಣ, ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ. ಅದನ್ನು ನೋಡುತ್ತಿದ್ದಂತೆ ನನಗೆ ಮೈ ಬಿಸಿಯಾಯಿತು. ಇಲ್ಲಿ ನನ್ನನ್ನು ಅಡುಗೆಮನೆ ಕಡೆ ನೋಡಿಕೊಳ್ಳಿ ಎನ್ನುವವರು ಯಾರೂ ಇಲ್ಲ. ಟಿಪ್ಸು ಹೇಗೂ ಇಡಬೇಕು. ಬರಿಯ ನೋಟು ಇಡುವ ಬದಲು ಇದರೊಳಗೆ ಇಟ್ಟರೆ ಯಾರು ಬೇಡವೆನ್ನುತ್ತಾರೆ?

ಕೊಡುವುದಾದರೆ ಕರೆದು ಕೈಗೇ ಕೊಡಬಹುದಿತ್ತು. ಅವಳು ಬಕೆಟ್ಟು ಹಿಡಿದು ಕಿಟಕಿಯ ಮುಂದೆಯೇ ಹಾದುಹೋದಳು. ನಾನು ಕರೆಯಲಿಲ್ಲ. ನಾನು ಕೈಯಾರೆ ಕೊಟ್ಟು, ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ? ದಿಂಬಿನ ಕೆಳಗಿಟ್ಟರೆ ಕೈ ಸೋಕಿಸಿದ ಹಾಗೂ ಅಲ್ಲ, ಕೊಡಲಿಲ್ಲ ಎಂದೂ ಅಲ್ಲ ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡೆ. ತೆಂಗಿನಕಾಯಿ ದಿಂಬಿನ ಕೆಳಗೆ ಕೂರಲಿಲ್ಲ. ಬರಿದಾಗಬಾರದೆಂದು ಅದರ ಬದಲು, ವಾಂತಿ ಬಂದರೆ ಇರಲಿ ಎಂದು ತಂದಿದ್ದ ಮನೆಯ ಗಿಡದ ನಿಂಬೆಹಣ್ಣು ಇಟ್ಟೆ. ಐನೂರರ ನೋಟನ್ನು ಎಲೆಯ ನಡುವೆ ಮಡಿಸಿಟ್ಟೆ. ಅಕ್ಕಿ ಚೆಲ್ಲದಿರಲೆಂದು ಮೂರು ಗಂಟು ಹಾಕಿ, ದಿಂಬೆತ್ತಿ ಒಳಕ್ಕೆ ತಳ್ಳಿದೆ. ಆ ಹೊತ್ತಿಗೆ ನನಗಾದ ಸಂತೋಷವನ್ನು ಏನೆಂದು ಹೇಳಲಿ, ಯಜಮಾನರು "ಏನೇ, ಒಬ್ಳೇ ನಗ್ತಿದ್ದೀಯ?" ಎಂದು ಕೇಳಿದರು.

ಕೋಟೆಯ ಹತ್ತಿರದ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಟೀ ಕುಡಿಯಲು ಇಳಿದೆವು. ಕಾಡಂಚಿನಲ್ಲಿ ಸತ್ತಿದ್ದ ಫೋನುಗಳಿಗೆ ಅಲ್ಲಿ ಜೀವ ಬಂತು. ಡ್ರೈವರನ ಫೋನು ಒಂದೇ ಸಮ ಗುಂಯ್‌ಗುಟ್ಟಿತು. ರೆಸಾರ್ಟಿನ ಗೇಟಿನ ಪುಸ್ತಕದಲ್ಲಿ ಬರೆಸಿದ್ದು ಅವನ ನಂಬರು. ಅವನು ಲೋಟ ಕೆಳಗಿಟ್ಟು ಮಾತಾಡಿದ, ಮಾತಾಡುತ್ತ ನನ್ನ ಕಡೆ ನೋಡಿದ, ಆಮೇಲೆ ಬೆನ್ನು ತಿರುಗಿಸಿಕೊಂಡ. ಅವನು ಬೆನ್ನು ತಿರುಗಿಸಿದ ಕ್ಷಣದಲ್ಲೇ ಏನೋ ಅನಾಹುತವಾಗಿದೆಯೆಂದು ನನಗೆ ಗೊತ್ತಾಗಿಹೋಯಿತು.

"ಟೀಚರಮ್ಮ," ಎಂದ ಹತ್ತಿರ ಬಂದು, ದನಿ ತಗ್ಗಿಸಿ. "ರೂಮಲ್ಲಿ ಏನಾರ ಇಕ್ಕಿ ಬಂದ್ರಾ?"

"ಟಿಪ್ಸು," ಎಂದೆ.

"ಕೆಂಪು ಬಟ್ಟೆ ಗಂಟಂತೆ, ಸಂದೀಲಿ ನಿಂಬೆಅಣ್ಣು ಕಾಣ್ತದಂತೆ, ಕುಂಕುಮ ಸೋರ್ತದಂತೆ. ಗಂಟಿಗೆ ಕೂದ್ಲು ಸುತ್ತವ್ರೆ ಅಂತವ್ರೆ. ಮಾಟ ಮಾಡ್ಸಿ ಇಕ್ಕವ್ರೆ ಅಂತ ಆ ಉಡುಗಿ ಎದ್ರಕಂಡು ಕುಂತದಂತೆ, ಮೇಲಕ್ಕೇ ಏಳ್ತಿಲ್ವಂತೆ. ಒಟ್ಟೆ ಇಡ್ಕಂಡು ಅಳ್ತದಂತೆ."

ಕೂದಲು ನನ್ನದೇ ಇರಬೇಕು. ತಲೆ ಬಾಚಿಕೊಂಡ ಕೈಯಲ್ಲೇ ಗಂಟು ಹಾಕಿದ್ದೆ. ನಾನು ಇಟ್ಟದ್ದನ್ನು ಆಗ ಮೊದಲ ಸಲ ಅವಳ ಕಣ್ಣಿನಿಂದ ನೋಡಿದೆ. ಯಾರಿಗೂ ಹೇಳದೆ ಹಾಸಿಗೆಯೊಳಗೆ ಬಚ್ಚಿಟ್ಟ ಕೆಂಪು ಗಂಟು, ನಿಂಬೆಹಣ್ಣು, ಕುಂಕುಮ, ಬಾಡಿದ ಎಲೆ, ಬಿಳಿ ಕೂದಲು. ನಮ್ಮ ಹೊಸ್ತಿಲಲ್ಲಿ ಅಂಥದ್ದು ಕಂಡಿದ್ದರೆ ನಾನು ಊರನ್ನೇ ಕೂಡಿಸುತ್ತಿದ್ದೆ. ಚಿಕ್ಕಂದಿನಲ್ಲಿ ಮೂರುದಾರಿ ಕೂಡುವಲ್ಲಿ ಕುಂಕುಮ ಮೆತ್ತಿದ ಹಣ್ಣು ತುಳಿದೆನೆಂದು ಜ್ವರ ಬಂದು ಮಲಗಿದವಳು ನಾನು. ಹೆದರಿಕೆಯಿಂದ ಜ್ವರ ಬರುತ್ತದೆ, ರಕ್ತ ಇಳಿಯುತ್ತದೆ ಎಂಬುದು ನನಗೆ ಗೊತ್ತಿದ್ದಷ್ಟು ಬೇರೆ ಯಾರಿಗೆ ಗೊತ್ತು?

"ಈಗ್ಲೇ ವಾಪಸ್ ಹೋಗ್ಬೇಕು," ಎಂದೆ.

ಡ್ರೈವರ್ ತಲೆ ಕೆರೆದುಕೊಂಡ. "ಜನ ಸೇರವ್ರಂತೆ. ಫೋನಲ್ಲೇ ಸಮಾಧಾನ ಏಳಿ ಒಂಟೋಗದು ಒಳ್ಳೇದು ಅನ್ಸ್ತದೆ." ನನ್ನ ಯಜಮಾನರು ಒಂದು ಮಾತೂ ಕೇಳದೆ ಹೋಗಿ ಕಾರಿನಲ್ಲಿ ಕೂತರು. ಈ ಮನುಷ್ಯನ ಮೇಲೆ ನನಗೆ ದಿನಕ್ಕೆ ಹತ್ತು ಸಲ ಸಿಟ್ಟು ಬರುತ್ತದೆ, ಆ ಹೊತ್ತು ಬರಲಿಲ್ಲ.

ಅದೇ ರಸ್ತೆ, ಅದೇ ಹತ್ತಿ ಹೊಲ, ಶುಂಠಿ ಹೊಲ. ಮೊದಲ ಸಲ ಕಾಣದ ತಿರುವುಗಳೆಲ್ಲ ಈಗ ಕಂಡವು. ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಕೂತಿದ್ದೆ. ನಾವು ತಲುಪುವಷ್ಟರಲ್ಲಿ ಆಗಬಾರದ್ದು ಆಗಿಹೋಗಿದ್ದರೆ? ಎರಡು ನಿಂತಿರಲಿಲ್ಲ, ಇದು ಐದಕ್ಕೆ ಬಂದಿತ್ತು. ಹೋದರೆ ನನ್ನಿಂದ ಹೋಯಿತು. ಮೂವತ್ತು ವರ್ಷ ಊರಿನವರು ನನ್ನ ಬಗ್ಗೆ ಒಳಗೊಳಗೇ ಹೆದರಿಕೊಂಡದ್ದು ನಿಜವಾಗಿಬಿಡುತ್ತದೆ. ಆ ದಾರಿಯಲ್ಲೇ ಒಂದು ತೀರ್ಮಾನಕ್ಕೂ ಬಂದೆ. ಸುಳ್ಳನ್ನು ಬಿಡಬಾರದು. ಇಬ್ಬರು ಮಕ್ಕಳ ತಾಯಿ ಪ್ರೀತಿಯಿಂದ ಇಟ್ಟ ಮಡಿಲಕ್ಕಿ ಎಂದರೆ ಅವಳ ಭಯ ಅಲ್ಲಿಗೇ ಇಳಿಯುತ್ತದೆ. ಕೂಸು ಉಳಿಯಲಿ, ಸುಳ್ಳಿನ ಪಾಪ ನನಗಿರಲಿ.

ಬಟ್ಟೆ ಒಗೆಯುವ ಕೋಣೆಯ ಮೆಟ್ಟಿಲ ಮೇಲೆ ಅವಳು ಗೋಡೆಗೆ ಒರಗಿ ಕೂತಿದ್ದಳು. ಎರಡು ಕೈಯೂ ಹೊಟ್ಟೆಯ ಮೇಲೆ. ಪಕ್ಕದಲ್ಲಿ ಅಡುಗೆಮನೆಯ ಹಿರಿಯ ಹೆಂಗಸೊಬ್ಬಳು ನಿಂತಿದ್ದಳು. ಗಂಟು ಅಂಗಳದ ನಡುವೆ, ಯಾರೋ ಕೋಲಿನಿಂದ ತಂದು ಹಾಕಿದ ಹಾಗೆ ಬಿದ್ದಿತ್ತು. ಮ್ಯಾನೇಜರ್ ರಾಜ್ಯದ ಗಡಿಯಾಚೆಯವನು, ಪುಸ್ತಕದ ಕನ್ನಡದಲ್ಲಿ ಮಾತಾಡಿದ.

"ಅಮ್ಮ, ಟಿಪ್ಸ್ ಹಾಕಲು ಆಫೀಸಿನಲ್ಲಿ ಡಬ್ಬ ಇದೆ. ಇದೆಲ್ಲ ಯಾಕೆ ಮಾಡಿದಿರಿ?"

ಅವನಿಗೆ ಉತ್ತರ ಕೊಡುವಷ್ಟು ತಾಳ್ಮೆ ನನಗಿರಲಿಲ್ಲ. ಅವಳ ಹತ್ತಿರ ಹೋಗಿ, ಎರಡು ಮೆಟ್ಟಿಲು ಕೆಳಗೇ ನಿಂತೆ. "ರಕ್ತ ಏನಾರ ಕಂಡ್ತಾ ಅವ್ವಾ? ನೋವು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ನನ್ನ ಮುಖ ನೋಡಲಿಲ್ಲ. ನಾನು ಅಲ್ಲೇ ಕೂತೆ.

"ಅದು ಮಾಟ ಅಲ್ಲ ಕಣವ್ವ. ಮಡ್ಲಕ್ಕಿ. ನಿನಗೇ ಅಂತ ಕಟ್ಟಿದ್ದು. ಅಕ್ಕಿ ನಮ್ಮ ಗದ್ದೇದು, ನಿಂಬೆಹಣ್ಣು ನಮ್ಮ ಗಿಡದ್ದು."

"ಮಡ್ಲಕ್ಕೀನ ಯಾರ್ ಬಚ್ಚಿಕ್ತರೆ?" ಎಂದಳು ಹಿರಿಯ ಹೆಂಗಸು, ಖಡಕ್ಕಾಗಿ. "ಮಡ್ಲು ತುಂಬೋರು ಕರ್ದು ಕೂರ್ಸಿ ತುಂಬ್ತರೆ. ಇಂಗೆ ಕದ್ದು ಇಕ್ಕದು ಯಾವ್ ಸೀಮೆ ಪದ್ಧತಿ?"

ಅವಳ ಮಾತಿನಲ್ಲಿ ತಪ್ಪೇನಿತ್ತು? ನಾನು ಕಟ್ಟಿಕೊಂಡು ಬಂದ ಸುಳ್ಳು ಈ ಪ್ರಶ್ನೆಯ ಮುಂದೆ ನಿಲ್ಲುವಂಥದ್ದಲ್ಲ. ಇಬ್ಬರು ಮಕ್ಕಳ ತಾಯಿ ಯಾಕೆ ಬಚ್ಚಿಡುತ್ತಾಳೆ? ಆಗ ಹಿಂದಿನಿಂದ ನನ್ನ ಯಜಮಾನರ ದನಿ ಕೇಳಿತು. ನಾನು ಏನು ಸುಳ್ಳು ಹೇಳಿದ್ದೇನೆಂಬುದು ಅವರಿಗೆ ಗೊತ್ತೇ ಇರಲಿಲ್ಲ.

"ನಮ್ಗೆ ಮಕ್ಳಿಲ್ಲ ಕಣವ್ವ," ಎಂದರು. "ಅದ್ಕೇ ಇವ್ಳು ಕೈಗೆ ಕೊಡಾಕೆ ಎದ್ರಕಂಡವ್ಳೆ. ಊರಲ್ಲೂ ಅಂಗೇಯ, ಯಾರ್ ಮಡ್ಲೂ ತುಂಬಾಕ್ ಓಗಲ್ಲ. ನಿಂಗೆ ಒಳ್ಳೇದಾಗ್ಲಿ ಅಂತ್ಲೇ ಇಕ್ಕವ್ಳೆ. ಬೇರೆ ಏನೂ ಇಲ್ಲ."

ನಲವತ್ತು ವರ್ಷ ಜೊತೆಗಿದ್ದು, ಫೋಟೋ ತೆಗೆಯುವ ನೆಪದಲ್ಲಿ ನಾನು ಪಕ್ಕಕ್ಕೆ ಸರಿಯುವುದನ್ನು ಈ ಮನುಷ್ಯ ನೋಡಿರಲಾರರು ಎಂದುಕೊಂಡಿದ್ದೆ. ನೋಡಿದ್ದರು. ಆದರೆ ಆಗ ನನಗೆ ಅದಲ್ಲ ಹೊಳೆದದ್ದು. ಮುಗಿಯಿತು, ಇವಳ ಭಯ ಇಮ್ಮಡಿಯಾಯಿತು ಎಂದೇ ಹೊಳೆದದ್ದು. ಅವಳು ಈಗ ನೆಟ್ಟಗೆ ನನ್ನ ಮುಖ ನೋಡುತ್ತಿದ್ದಳು.

"ಇಬ್ರು ಅಂದ್ರಿ," ಎಂದಳು.

"ಸುಳ್ಳು ಹೇಳ್ದೆ."

"ಯಾಕೆ?"

"ಭಯ ಆಯ್ತು ಕಣವ್ವ. ನಿಂಗೆ ಹೆದರಿಕೆ ಆಗ್ತದೆ ಅಂತ."

ಇನ್ನು ಮಾತಿನಿಂದ ಆಗುವ ಕೆಲಸ ಅಲ್ಲವೆಂದು ನಾನು ಎದ್ದು ಅಂಗಳಕ್ಕೆ ಹೋದೆ. ಗಂಟನ್ನು ಎತ್ತಿ ತಂದು, ಎಲ್ಲರೂ ನೋಡುವಂತೆ ಮೆಟ್ಟಿಲ ಮೇಲಿಟ್ಟು ಬಿಚ್ಚಿದೆ. ಮೂರನೆಯ ಗಂಟು ಬಿಗಿದುಕೊಂಡಿತ್ತು, ಹಲ್ಲಿನಿಂದ ಎಳೆದೆ. ಒಂದು ಎಲೆ ತೆಗೆದು, ಅಡಿಕೆ ಇಟ್ಟು, ಬಾಯಿಗೆ ಹಾಕಿಕೊಂಡು ಜಗಿದೆ. ಎಲೆ ಬಾಡಿ ಒಗರಾಗಿತ್ತು. ಚಿಟಿಕೆ ಅಕ್ಕಿಯನ್ನೂ ಬಾಯಿಗೆ ಹಾಕಿಕೊಂಡೆ. ಕುಂಕುಮವನ್ನು ನನ್ನ ಹಣೆಗೇ ಮೊದಲು ಇಟ್ಟುಕೊಂಡೆ. ಹಿರಿಯ ಹೆಂಗಸು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ನಾನು ನುಂಗುವವರೆಗೂ ಕಾದಳು.

"ಕೈಲೇ ಕೊಡ್ಬೋದಿತ್ತಲ್ಲಮ್ಮ," ಎಂದಳು ಆ ಹುಡುಗಿ. ಅಳು ಇನ್ನೂ ದನಿಯಲ್ಲಿತ್ತು.

ಅವಳು ಎದ್ದು ನಿಂತಳು. ಅಂಗಿ ಪ್ಯಾಂಟಿನವಳಿಗೆ ಒಡ್ಡಲು ಸೆರಗಿಲ್ಲ. ಒಳಗೆ ಹೋಗಿ, ಒಗೆದು ಮಡಿಸಿಟ್ಟಿದ್ದ ಬಿಳಿ ಟವಲುಗಳಲ್ಲಿ ಒಂದನ್ನು ತಂದು ಎರಡು ಕೈಯಿಂದ ಹೊಟ್ಟೆಯ ಮುಂದೆ ಹಿಡಿದಳು. ಮ್ಯಾನೇಜರ್ ಟವಲಿನ ಕಡೆ ನೋಡಿ, ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಅಕ್ಕಿ, ಅರಿಶಿನದ ಕೊಂಬು, ಎಲೆ ಅಡಿಕೆ, ರವಿಕೆ ಕಣ. ನಿಂಬೆಹಣ್ಣು ಬೇಡವೆಂದು ನಾನೇ ಬಿಟ್ಟು, ಡ್ರೈವರ್ ಕಾರಿನಿಂದ ತಂದುಕೊಟ್ಟ ತೆಂಗಿನಕಾಯಿ ಇಟ್ಟೆ. ನನ್ನ ಜೀವಮಾನದಲ್ಲಿ ತುಂಬಿದ ಮೊದಲ ಮಡಿಲು ಅದು. ಹರಸಲು ಒಂದು ಮಾತೂ ಬರಲಿಲ್ಲ. ಅಂಗನವಾಡಿಯ ಬಾಯಿಪಾಠವೇ ಬಂತು: "ಮಾತ್ರೆ ತಪ್ಪದೆ ತಗೋ. ಭಾರ ಎತ್ತಬೇಡ." ಐನೂರರ ನೋಟನ್ನು ಅವಳೇ ಎತ್ತಿ ಮ್ಯಾನೇಜರ್ ಕೈಗೆ ಕೊಟ್ಟಳು. "ಡಬ್ಬಕ್ಕೆ ಆಕ್ಬುಡಿ ಸಾರ್. ಎಲ್ರಿಗೂ ಸೇರ್ಲಿ."

ಹೊರಡುವಾಗ ಅಂಗಳ ಸಣ್ಣದಾದ್ದರಿಂದ ಡ್ರೈವರ್ ಕಾರನ್ನು ಎರಡು ಸಲ ಹಿಂದೆ ಮುಂದೆ ಮಾಡಿ ತಿರುಗಿಸಿದ. ಆಗಲೇ ಕಂಡದ್ದು. ಅಡುಗೆಮನೆಯ ಹಿಂಬಾಗಿಲಲ್ಲಿ ಅವಳನ್ನು ನಿಲ್ಲಿಸಿಕೊಂಡು, ಆ ಹಿರಿಯ ಹೆಂಗಸು ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದು ತಲೆಯಿಂದ ಕಾಲಿನವರೆಗೆ ನಿವಾಳಿಸುತ್ತಿದ್ದಳು. ಹುಡುಗಿ ಕಣ್ಣು ಮುಚ್ಚಿ ನಿಂತಿದ್ದಳು, ಟವಲಿನ ಮಡಿಲನ್ನು ಎದೆಗವಚಿಕೊಂಡು. ಡ್ರೈವರೂ ನೋಡಿದ. ನೋಡಿ, ಎದುರಿನ ಕನ್ನಡಿಯನ್ನು ಬೇರೆ ಕಡೆಗೆ ತಿರುಗಿಸಿದ.

"ಅತ್ತ ನೋಡ್ಬ್ಯಾಡ ಬುಡು," ಎಂದರು ನನ್ನ ಯಜಮಾನರು.

ನನಗೆ ಸಿಟ್ಟು ಬರಬೇಕಿತ್ತು, ಸಣ್ಣದಕ್ಕೆಲ್ಲ ಬರುವ ಸಿಟ್ಟು. ಬಂದದ್ದು ಮತ್ತೆ ಅದೇ ಭಯ. ಕಾರು ಎದುರಿಗೇ ಹಾದರೆ, ನಾವು ನೋಡಿದೆವೆಂದು ನಾಚಿ ಅರ್ಧಕ್ಕೆ ಬಿಟ್ಟುಬಿಟ್ಟರೆ? "ಹೋಗಬೇಡಪ್ಪ, ಒಂದು ಗಳಿಗೆ ಇಲ್ಲೇ ಮರೆಯಲ್ಲಿ ನಿಲ್ಲಿಸು," ಎಂದೆ. "ಪೂರ್ತಿ ತೆಗೀಲಿ."

ಹಿರಿಯ ಹೆಂಗಸಿನ ತುಟಿ ಆಡುತ್ತಿತ್ತು. ಏನು ಹೇಳುತ್ತಾಳೆಂದು ನನಗೆ ಕೇಳಿಸಬೇಕಾಗಿರಲಿಲ್ಲ, ಹಠ ಹಿಡಿದ ಎಷ್ಟೋ ಕೂಸುಗಳಿಗೆ ನಾನೇ ದೃಷ್ಟಿ ತೆಗೆದಿದ್ದೇನೆ. ನಾನೂ ಮನಸ್ಸಿನಲ್ಲೇ ಅವಳ ಜೊತೆ ಹೇಳತೊಡಗಿದೆ. ಹೋದೋರ ಕಣ್ಣು, ಬಂದೋರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು. ಮೂರನೆಯ ಸುತ್ತಿಗೆ, ಅವಳು ದಾಕ್ಷಿಣ್ಯಕ್ಕೆ ಬಿಟ್ಟಿರಬಹುದೆಂಬ ಅಂಜಿಕೆಯಿಂದ ನಾನೇ ಸೇರಿಸಿದೆ: ನನ್ನ ಕಣ್ಣು.